ಬೀಗದ ಮುಚ್ಚಳ

"ಬಾಯಿ ತೆಗಿಯೋ ಬೋಳಿಮಗನೆ. ಇನ್ನೂ ಅಗಲ. ಏನು, ಮದುಮಗಳ ಹಂಗೆ ನಾಚ್ಕೋತೀಯ?"

ಆಯ್ತಪ್ಪ ಬಾಯಿ ಅಗಲಿಸಿದ. ಕ್ರಷರಿನ ಗೇಟಿನಲ್ಲಿ ಜಲ್ಲಿ ಹೊರುವ ಹೆಂಗಸರು, ಬಂಡೆ ಒಡೆಯುವ ಗಂಡಸರು ಎಲ್ಲ ನೋಡುತ್ತಿರುವಂತೆಯೇ ಧಣಿ ಅವನ ಗಲ್ಲ ಹಿಡಿದು, ಮೂಗು ಹತ್ತಿರ ತಂದು ಮೂಸಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಾದರೂ ಎತ್ತಿನ ಮುಖ ಸವರುತ್ತಾರೆ. ಧಣಿ ತನ್ನ ಕೈಯನ್ನು ಆಯ್ತಪ್ಪನ ಅಂಗಿಗೇ ಒರೆಸಿಕೊಂಡ.

"ಡೀಸೆಲ್ಲು," ಎಂದ.

"ಹೌದು ಧಣಿ, ಡೀಸೆಲ್ಲೇ. ಏರಲ್ಲಿ ಗಾಡಿ ನಿಂತೋಯ್ತು. ಪೈಪ್ ಬಿಚ್ಚಿ ಬಾಯಲ್ಲಿ ಎಳ್ದೆ."

"ಎಳ್ದು ಯಾವನ ಡಬ್ಬಕ್ಕೆ ಬಿಟ್ಟೆ? ಯಾವ ಮರದ ಬುಡದಲ್ಲಿ ಮಾರ್ದೆ?"

"ಮಾರಿದ್ರೆ ಹಿಂಗಿರ್ತಿದ್ನಾ ಧಣಿ? ಒಂದು ಜೊತೆ ಚಪ್ಪಲಿನಾದ್ರೂ ತಗೋತಿದ್ದೆ," ಎಂದು ಆಯ್ತಪ್ಪ ಎಲ್ಲರಿಗಿಂತ ಮೊದಲು ತಾನೇ ನಕ್ಕ.

ಅದು ಅವನ ವಿದ್ಯೆ. ಬೇರೆಯವರು ನಗುವ ಮುಂಚೆ ತಾನು ನಕ್ಕುಬಿಟ್ಟರೆ ಮರ್ಯಾದೆ ಹೋದದ್ದು ಯಾರಿಗೂ ಕಾಣುವುದಿಲ್ಲ ಎಂದು ನಂಬಿದ್ದ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಯಾರು ಏನು ಹೇಳಿದರೂ 'ಆಯ್ತು' ಅನ್ನುತ್ತಿದ್ದುದರಿಂದ ಜನ ಆಯ್ತಪ್ಪ ಅಂದರು. ಅದಕ್ಕೂ ಅವನು ಆಯ್ತು ಅಂದ. ಈಗ ಯಾರಾದರೂ ಹಳೆಯ ಹೆಸರು ಹಿಡಿದು ಕೂಗಿದರೆ ಹಿಂದೆ ಯಾರು ನಿಂತಿದ್ದಾರೆ ಅಂತ ಅವನೇ ತಿರುಗಿ ನೋಡುತ್ತಾನೆ.

"ಇನ್ನೊಂದ್ಸಲ ಈ ವಾಸನೆ ಬರ್ಲಿ," ಎಂದ ಧಣಿ. "ನೀನೂ ಆಚೆ, ಬುಟ್ಟಿ ಹೊರೋ ನಿನ್ನ ಹೆಂಡ್ತಿನೂ ಆಚೆ, ನೀವು ಬಿದ್ಕೊಂಡಿರೋ ಕೋಣೆಗೂ ಬೀಗ. ಕಳ್ಳ ನನ್ಮಕ್ಳನ್ನ ಸಾಕೋಕೆ ನಾನೇನು ಛತ್ರ ಇಟ್ಟಿಲ್ಲ."

"ಆಯ್ತು ಧಣಿ."

ಬುಟ್ಟಿ ಹೊತ್ತ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿಯೂ ಇದ್ದಳು. ಅವಳು ಮಾತ್ರ ನಗಲಿಲ್ಲ.

ಆಯ್ತಪ್ಪ ಓಡಿಸುತ್ತಿದ್ದ ಧಣಿಯ ಲಾರಿ ಬಹಳ ಹಳೆಯದು. ಅದರ ಎಡಕ್ಕೊಂದು ಬಲಕ್ಕೊಂದು ಡೀಸೆಲ್ ಟ್ಯಾಂಕು. ಸೀಟಿನ ಪಕ್ಕ ಒಂದು ವಾಲ್ವು. ಅದನ್ನು ಆ ಕಡೆ ತಿರುಗಿಸಿದರೆ ಎಡ ಟ್ಯಾಂಕಿನಿಂದ, ಈ ಕಡೆ ತಿರುಗಿಸಿದರೆ ಬಲ ಟ್ಯಾಂಕಿನಿಂದ ಇಂಜಿನ್ನು ಕುಡಿಯುತ್ತದೆ. ಒಂದು ಹೊಟ್ಟೆ ತುಂಬಿಸುವುದೇ ಕಷ್ಟವಾದ ಲೋಕದಲ್ಲಿ ಎರಡು ಹೊಟ್ಟೆ ಇಟ್ಟುಕೊಂಡ ಭಾಗ್ಯವಂತೆ ಎಂದು ಆಯ್ತಪ್ಪ ಅದನ್ನು ಹೊಗಳುತ್ತಿದ್ದ. ಡ್ರೈವರುಗಳೆಲ್ಲ ಡೀಸೆಲ್ ಕದಿಯುತ್ತಾರೆಂದು ಯಾರೋ ಕಿವಿ ಊದಿದ ಮೇಲೆ ಧಣಿ ಎರಡೂ ಟ್ಯಾಂಕಿಗೆ ಹೊಸ ಮುಚ್ಚಳ ಮಾಡಿಸಿದ. ದಪ್ಪ ತಗಡು, ಅಡಿಯಲ್ಲಿ ರಬ್ಬರು, ಮೇಲೊಂದು ಬೀಗ. ಬೆಳಗ್ಗೆ ತಾನೇ ನಿಂತು ಡೀಸೆಲ್ ತುಂಬಿಸಿ, ಬೀಗ ಜಡಿದು, ಕೀಲಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಅಲ್ಲಿಂದಾಚೆಗೆ ಲಾರಿ ನಿಲ್ಲತೊಡಗಿತು. ಇವೆರಡಕ್ಕೂ ಸಂಬಂಧವಿರಬಹುದೆಂದು ಆಯ್ತಪ್ಪನ ತಲೆಗೆ ಹೊಳೆಯಲಿಲ್ಲ. ಬದಲಾಗಿ ಅವನಿಗೆ ತನ್ನ ಬಗ್ಗೆಯೇ ಅಭಿಮಾನ ಹುಟ್ಟಿತು. ಏಕೆಂದರೆ ಲಾರಿ ನಿಂತಾಗ ವಾಲ್ವು ತಿರುಗಿಸಿದರೆ ಇನ್ನೊಂದು ಟ್ಯಾಂಕಿನಿಂದ ಸ್ವಲ್ಪ ದೂರ ಓಡುತ್ತಿತ್ತು. ಆಮೇಲೆ ಅದೂ ಕೆಮ್ಮಿ ನಿಲ್ಲುತ್ತಿತ್ತು. ಆಗ ಅವನು ಇಳಿದು, ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಬಾಯಿಟ್ಟು ಎಳೆದು, ಬಾಯ್ತುಂಬ ಬಂದ ಡೀಸೆಲ್ಲನ್ನು ಉಗಿದು, ಮತ್ತೆ ಜೋಡಿಸಿದರೆ ಲಾರಿ ಹೊರಡುತ್ತಿತ್ತು. ಇದು ತನ್ನ ಶ್ವಾಸಕೋಶದ ಮಹಿಮೆ ಎಂದೇ ಅವನು ತಿಳಿದಿದ್ದ. "ನಾನು ಎಳೆಯೋ ಎಳೆತಕ್ಕೆ ಸತ್ತ ಇಂಜಿನ್ನೂ ಎದ್ದು ಕೂತ್ಕೊಳ್ಳುತ್ತೆ," ಎಂದು ಲೋಡಿನವರ ಮುಂದೆ ಎದೆ ತಟ್ಟಿಕೊಂಡಿದ್ದ. ಆ ಎದೆ ಒಳಗಿಂದ ಉರಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ, ರಾತ್ರಿ ಹೆಂಡತಿ ಮುಖ ಆಚೆ ತಿರುಗಿಸಿ ಮಲಗುತ್ತಿದ್ದಳು. ಅದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ.

ಹೆಂಡತಿಯ ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಅವನು ಮೊದಲು ವಾಲ್ವು ಬದಲಾಯಿಸಿದ. ಆಮೇಲೆ ಫಿಲ್ಟರು. ಆಮೇಲೆ ಪಂಪಿನ ವಾಷರು. ಪೈಪುಗಳನ್ನೆಲ್ಲ ಬಿಚ್ಚಿ ಊದಿದ. ಪ್ರತಿ ಸಲವೂ ಗ್ಯಾರೇಜಿನಲ್ಲಿ ಲಾರಿ ಅತ್ತೆಮನೆಗೆ ಬಂದ ಹೊಸ ಸೊಸೆಯಂತೆ ಒಂದು ಸೊಲ್ಲೆತ್ತದೆ ಓಡಿತು. ಪ್ರತಿ ಸಲವೂ ಏರಿನಲ್ಲಿ ನಿಂತಿತು.

"ಭಾವ, ಗಾಡೀಲಿ ಏನೂ ದೋಷ ಇಲ್ಲ," ಎಂದ ಅವನು ಕೊನೆಗೆ, ಕೈ ಒರೆಸಿಕೊಳ್ಳುತ್ತ. "ಚೇಂಜ್ ಮಾಡ್ಬೇಕಾಗಿರೋದು ಇನ್ನೊಂದೇ ಪಾರ್ಟು."

"ಯಾವ್ದೋ?"

"ಡ್ರೈವರ್ರು."

ಆಯ್ತಪ್ಪ ಹೊಟ್ಟೆ ಹಿಡಿದು ನಕ್ಕ. ಮನೆಗೆ ಬರುವಾಗ ದಾರಿಯಲ್ಲಿ ಅವನಿಗೆ ನಿಜವಾಗಿಯೂ ಅನುಮಾನ ಬಂತು. ಊರೆಲ್ಲ ಹೇಳುತ್ತಿದೆಯಲ್ಲ, ನಾನೇ ನಿದ್ದೆಗಣ್ಣಲ್ಲಿ ಎದ್ದು ಕದಿಯುತ್ತಿರಬಹುದೇ? ಕದ್ದಿದ್ದರೆ ಆ ದುಡ್ಡನ್ನಾದರೂ ಎಲ್ಲಿಟ್ಟಿದ್ದೇನೆ ಎಂದು ಜೇಬು ಮುಟ್ಟಿ ನೋಡಿಕೊಂಡ.

ಮಾರನೆಯ ದಿನ ಏರಿನ ಅದೇ ತಿರುವಿನಲ್ಲಿ ಲಾರಿ ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟು, ಅಡಿಗೆ ನುಗ್ಗಿ, ಪೈಪು ಬಿಚ್ಚಿ, ಡೀಸೆಲ್ ಸೋರದಂತೆ ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ. ಧಣಿಯ ಮಾತು ನೆನಪಾಗಿ ಬಾಯಿಡಲು ಹಿಂಜರಿದ. ಮೆಲ್ಲಗೆ ನಾಲಿಗೆಯ ತುದಿಯನ್ನಷ್ಟೇ ಪೈಪಿನ ಬಾಯಿಗೆ ತಾಗಿಸಿದ. ಪೈಪು ಲಬಕ್ಕನೆ ನಾಲಿಗೆ ಹಿಡಿದುಕೊಂಡಿತು. ಕರು ಬೆರಳು ಚೀಪಿದ ಹಾಗೆ ಒಳಕ್ಕೆ ಎಳೆಯುತ್ತಿತ್ತು. ಆಯ್ತಪ್ಪ ಗಾಬರಿಯಾಗಿ, ಲಾರಿಯ ಹೊಟ್ಟೆಗೆ ನಾಲಿಗೆಯಿಂದ ಅಂಟಿಕೊಂಡು, ಕಾಲು ಬಡಿಯುತ್ತ ಬಿದ್ದುಕೊಂಡ. ಅಂತೂ ನಾಲಿಗೆ ಬಿಡಿಸಿಕೊಂಡಾಗ ಪೈಪು ಸುಂಯ್ ಎಂದು ಗಾಳಿ ಕುಡಿಯಿತು. ಕುಡಿದು ಸುಮ್ಮನಾಯಿತು. ಪೈಪು ಜೋಡಿಸಿ, ಇಂಜಿನ್ನಿಗೆ ಡೀಸೆಲ್ ಏರಿಸುವ ಕೈಪಂಪು ಒತ್ತಿದ ಮೇಲೆ ಲಾರಿ ಏನೂ ಆಗಿಲ್ಲವೆಂಬಂತೆ ಹೊರಟಿತು.

ವಾಪಸು ಬರುವಾಗ ದಾರಿಯ ನಲ್ಲಿಯಲ್ಲಿ ಬಟ್ಟೆ ಸೋಪು ಹಾಕಿ ಬಾಯಿ ಮುಕ್ಕಳಿಸಿಕೊಂಡ. ಗೇಟಿನಲ್ಲಿ ಧಣಿ ಮೂಸಿ, "ಇವತ್ತು ಮನುಷ್ಯನ ಹಂಗಿದೀಯ" ಎಂದ. ಆಯ್ತಪ್ಪ ಉತ್ತರ ಕೊಡಲು ಹೋದಾಗ ಬಾಯಿಂದ ನೊರೆ ಬಂತು.

ಕೋಣೆಯಲ್ಲಿ ಹೆಂಡತಿ ನಾಲಿಗೆಯ ಬಾವು ನೋಡಿದಳು.

"ಇಷ್ಟು ದಿನ ನಾನು ಅದನ್ನ ಎಳೀತಿದೀನಿ ಅಂದ್ಕೊಂಡಿದ್ದೆ ಕಣೇ. ಅದೇ ನನ್ನ ಎಳೀತಿತ್ತು."

ಅವಳು ಮೂಲೆಯಲ್ಲಿದ್ದ ಎಣ್ಣೆ ಡಬ್ಬದ ಕಡೆ ನೋಡಿದಳು. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರಿಯುತ್ತಾ?"

"ಇಲ್ಲ. ಗಾಳಿಗೆ ಆ ಕಡೆ ಇನ್ನೊಂದು ತೂತು ಬೇಕು."

"ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗುತ್ತೆ?"

ಆಯ್ತಪ್ಪನಿಗೆ ಈಗ ಹೊಳೆಯಿತು. ಹಳೆಯ ಮುಚ್ಚಳದಲ್ಲಿ ಒಂದು ಸಣ್ಣ ತೂತಿತ್ತು. ಹೊಸದರಲ್ಲಿ ಇಲ್ಲ. ಡೀಸೆಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರದೆ ಟ್ಯಾಂಕು ಬಿಗಿದುಕೊಳ್ಳುತ್ತದೆ, ಆಮೇಲೆ ಒಂದು ತೊಟ್ಟೂ ಬಿಡುವುದಿಲ್ಲ. ಪೈಪು ಬಿಚ್ಚಿದಾಗ ಉಸಿರು ಎಳೆದುಕೊಳ್ಳುತ್ತದೆ, ಅಷ್ಟೇ. ಶ್ವಾಸಕೋಶದ ಮಹಿಮೆ ಎಂದು ಮೆರೆದದ್ದೆಲ್ಲ ನೆನೆದು ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟು ಡೀಸೆಲ್ ಕುಡಿದಿದ್ದ, ದಡ್ಡ.

"ಹಂಗಾದ್ರೆ ಬರೀ ಪೈಪ್ ಬಿಚ್ಚಿದ್ರೆ ಸಾಕಲ್ಲ," ಎಂದ. "ಬಾಯಿ ಹಾಕೋದೇ ಬೇಡ."

"ಬಾಯಿ ಬಿಟ್ಟು ಕೈ ಮೂಸ್ತಾನೆ," ಎಂದಳು ಅವಳು. "ತುಂಬಿದ ಗಾಡಿನ ಏರಲ್ಲಿ ನಿಲ್ಸಿ ದಿನಾ ಅಡಿಗೆ ನುಗ್ತೀಯಾ? ಕಲ್ಲು ಜಾರಿದ್ರೆ? ಹೋಗಿ ಕೇಳು. ಒಂದು ತೂತು ಹೊಡೀಲಿ."

ಕೇಳಲು ಹೋದ. ಆಫೀಸಿನ ಬಾಗಿಲಲ್ಲಿ ಬರಿಗಾಲಲ್ಲಿ, ಕಾಲೊರಸಿನ ಆಚೆಯೇ ನಿಂತ. ಧಣಿ ಫ್ಯಾನಿನ ಕೆಳಗೆ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ.

"ಮುಚ್ಚಳಕ್ಕೆ ಒಂದು ಸೂಜಿ ತೂರೋಷ್ಟು ತೂತು ಬೇಕು ಧಣಿ. ಟ್ಯಾಂಕಿಗೆ ಉಸಿರು ಕಟ್ತಿದೆ."

"ಯಾರಿಗೆ?"

"ಟ್ಯಾಂಕಿಗೆ."

ಧಣಿ ಎದುರಿಗಿದ್ದ ಗುಮಾಸ್ತನ ಕಡೆ ನೋಡಿ ನಕ್ಕ. ಗುಮಾಸ್ತನೂ ನಕ್ಕ. ಅಭ್ಯಾಸಬಲದಿಂದ ಆಯ್ತಪ್ಪನೂ ನಕ್ಕ.

"ಇವತ್ತು ಸೂಜಿ, ನಾಳೆ ಪೈಪು. ಬೀಗ ನಂದು, ತೂತು ನಿಂದು, ಅಲ್ವಾ? ಎಂಥಾ ತಲೆನೋ ನಿಂದು, ಹಡಬೆ." ಧಣಿ ಎದ್ದು ಗುಂಡಿ ಹಾಕಿಕೊಂಡ. "ನಾಳೆ ನಾನೇ ಜೊತೇಲಿ ಬರ್ತೀನಿ. ನನ್ನ ಕಣ್ಮುಂದೆ ಗಾಡಿ ಹೆಂಗೆ ನಿಲ್ಲುತ್ತೆ ನೋಡ್ತೀನಿ. ನಿಲ್ಲದೆ ಇದ್ರೆ ಕಳ್ಳ ಯಾರು ಅಂತ ಅಲ್ಲೇ ತೀರ್ಮಾನ ಆಯ್ತು."

ಮಾರನೆಯ ಬೆಳಗ್ಗೆ ಆಯ್ತಪ್ಪ ಜೀವನದಲ್ಲಿ ಮೊದಲ ಬಾರಿಗೆ ತನ್ನ ಲಾರಿ ಕೆಟ್ಟು ನಿಲ್ಲಲಿ ಎಂದು ಹಾರೈಸಿದ. ಧಣಿ ಪಕ್ಕದ ಸೀಟಿಗೆ ಟವೆಲ್ಲು ಹಾಸಿಕೊಂಡು, ಮೂಗಿಗೆ ಕರ್ಚೀಫು ಹಿಡಿದು ಕೂತಿದ್ದ. ಸಪಾಟು ದಾರಿಯಲ್ಲಿ ಲಾರಿ ಒಮ್ಮೆಯೂ ತಡವರಿಸದೆ ಓಡಿತು. ಈ ಮುಂಡೇದು ಇವತ್ತೇ ಪತಿವ್ರತೆಯಾಗಬೇಕೇ ಎಂದು ಆಯ್ತಪ್ಪ ಬೆವರಿದ. ಆದರೆ ಏರಿನ ಅರ್ಧದಲ್ಲಿ ಕೆಮ್ಮಿತು. ವಾಲ್ವು ತಿರುಗಿಸಿದ. ಮುಕ್ಕಾಲು ಏರಿದ ಮೇಲೆ ಮತ್ತೆ ಕೆಮ್ಮಿ ನಿಂತುಹೋಯಿತು. ಅವನಿಗೆ ಲಾರಿಯನ್ನು ಮುದ್ದಿಡಬೇಕೆನಿಸಿತು.

ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳ ಹಿಂದೆ ದೊಡ್ಡ ಕಲ್ಲುಗಳನ್ನು ಇಟ್ಟು ಬಂದ.

"ನೋಡಿದ್ರಲ್ಲ ಧಣಿ. ಕೀಲಿ ಕೊಡಿ. ಮುಚ್ಚಳ ತೆಗೆದು ತೋರಿಸ್ತೀನಿ."

"ಕೀಲಿ ನನ್ನ ಸೊಂಟ ಬಿಟ್ಟು ಇಳಿಯಲ್ಲ. ದಿನಾ ಏನ್ಮಾಡ್ತೀಯೋ ಅದನ್ನೇ ಮಾಡು. ಬಾಯಿ ಹಾಕು."

"ಧಣಿ, ಅದು ಬೇಕಾಗಿಲ್ಲ. ಗಾಳಿ..."

"ಬಾಯಿ ಹಾಕೋ ಸೂಳೆಮಗನೆ ಅಂದೆ."

ಆಯ್ತಪ್ಪನ ಬಾಯಿಗೆ 'ಆಯ್ತು' ಬಂದೇಬಿಟ್ಟಿತ್ತು. ಆದರೆ ನಾಲಿಗೆ ಇನ್ನೂ ಬಾತುಕೊಂಡಿತ್ತು, ಅದು ಆ ಮಾತಿಗೆ ಮಾತ್ರ ಹೊರಳಲಿಲ್ಲ. ಸೀಟಿನ ಹಿಂದಿನಿಂದ ಸುತ್ತಿಗೆ, ಉಳಿ ತೆಗೆದುಕೊಂಡು ಇಳಿದ. ಎಡ ಟ್ಯಾಂಕಿನ ಮುಚ್ಚಳಕ್ಕೆ ಉಳಿಯಿಟ್ಟು ಹೊಡೆದ. ಮೊದಲ ಏಟು ಹೆಬ್ಬೆರಳಿಗೇ ಬಿತ್ತು. ಬೆರಳು ಬಾಯಲ್ಲಿಟ್ಟುಕೊಂಡು, ಮತ್ತೆ ತೆಗೆದು, ಮತ್ತೆ ಹೊಡೆದ. ತಗಡು ತೂತಾಯಿತು. ಟ್ಯಾಂಕು ಸುದೀರ್ಘವಾಗಿ ಉಸಿರೆಳೆದುಕೊಂಡಿತು. ಆ ಸದ್ದಿಗೆ ಅವನ ಎದೆಯೂ ಹಗುರವಾಯಿತು. ಆ ಕಡೆ ಹೋಗಿ ಬಲ ಟ್ಯಾಂಕಿಗೂ ಹೊಡೆದು ಬಂದ. ಕೈಪಂಪು ಒತ್ತಿ, ಹತ್ತಿ ಕೂತು ಸ್ಟಾರ್ಟು ಮಾಡಿದರೆ ಇಂಜಿನ್ನು ಗುಡುಗಿತು.

ಈಗ ಧಣಿ ಏನಾದರೂ ಹೇಳುತ್ತಾನೆ ಎಂದು ಕಾದ. ಶಹಬ್ಬಾಸ್ ಅನ್ನದಿದ್ದರೂ ಪರವಾಗಿಲ್ಲ, 'ಹೌದಲ್ಲ' ಅಂದರೂ ಸಾಕು ಎಂದು ಆ ಪೆದ್ದು ಮನಸ್ಸು ಆಸೆಪಟ್ಟಿತು.

ಧಣಿ ಕರ್ಚೀಫು ತೆಗೆದು ಹೇಳಿದ, "ಎಷ್ಟು ಸಲೀಸಾಗಿ ತೂತು ಹೊಡೆದ್ಯಲ್ಲೋ. ಇದು ಮೊದಲ್ನೇದಲ್ಲ. ಕೈ ಪಳಗಿದೆ ಕಳ್ಳನಿಗೆ. ನಡಿ, ಇವತ್ತು ಸಂಜೆ ನಿನ್ನ ಹೆಂಡ್ತಿ ಎದುರಿಗೇ ನಿನ್ನ ಬಟ್ಟೆ ಬಿಚ್ಚಿಸ್ತೀನಿ."

ಆಯ್ತಪ್ಪನಿಗೆ ಈ ಸಲ ನಗು ಬರಲಿಲ್ಲ. ಬರಿಸಿಕೊಳ್ಳಲು ಪ್ರಯತ್ನಪಟ್ಟ, ಬರಲಿಲ್ಲ. ಗೇರು ನ್ಯೂಟ್ರಲ್ಲಿನಲ್ಲಿದೆಯೇ, ಬ್ರೇಕು ಹಿಡಿದಿದೆಯೇ ಎಂದು ಎರಡೆರಡು ಸಲ ನೋಡಿದ. ಕೊಲೆ ಮಾಡುವಷ್ಟು ಗಂಡಸುತನ ಅವನಲ್ಲಿರಲಿಲ್ಲ. ಬಾಗಿಲು ತೆಗೆದು ಇಳಿದ.

"ಎಲ್ಲಿಗೋ?"

"ಗಾಡಿ ರೆಡಿ ಇದೆ. ಹೋಗ್ಬನ್ನಿ."

"ಲೇ, ನಂಗೆ ಬರಲ್ಲ ಕಣೋ. ಇದನ್ನ ಆರಿಸೋದಾದ್ರೂ ಹೆಂಗೆ ಹೇಳೋ. ಲೋ!"

"ನಂಗೇನು ಗೊತ್ತು? ನಾನು ಕಳ್ಳ. ಡ್ರೈವರ್ರನ್ನ ಕೇಳಿ."

ಇಳಿಜಾರಿನಲ್ಲಿ ನಡೆಯತೊಡಗಿದ. ವೀರನಂತೆ ನಡೆಯಬೇಕೆಂದು ಎದೆಯುಬ್ಬಿಸಿದ. ತಿರುವು ದಾಟಿದ್ದೇ ತಡ, ಬೇಲಿಯ ಪಕ್ಕ ನಿಂತು ಉಚ್ಚೆ ಹೊಯ್ದ. ಅಷ್ಟರಲ್ಲಿ ಮೇಲಿಂದ ಹಾರನ್ನು ಕೇಳಿಸಿತು. ಗಾಡಿಯೊಳಗಿನ ಅಷ್ಟೊಂದು ಗುಂಡಿಗಳ ನಡುವೆ ಧಣಿಯ ಕೈಗೆ ಸಿಕ್ಕಿದ್ದು ಅದೊಂದೇ ಇರಬೇಕು. ಒಂದೇ ಸಮ ಒತ್ತುತ್ತಿದ್ದ. ಆಯ್ತಪ್ಪನ ಕಾಲುಗಳು ತಾವಾಗಿ ತಿರುಗಿ ನಿಂತವು. 'ಥೂ, ನಿಮ್ಮ ಜನ್ಮಕ್ಕೆ' ಎಂದು ಕಾಲುಗಳಿಗೆ ಬೈದು ಮತ್ತೆ ಕೆಳಕ್ಕೆ ತಿರುಗಿಸಿದ.

ಧಣಿ ಯಾವುದಾದರೂ ಗಾಡಿ ಹಿಡಿದು ಬಂದೇ ಬರುತ್ತಾನೆ. ಅವನು ತಲುಪುವ ಮೊದಲು ತಾನು ತಲುಪಬೇಕು. ಕ್ರಷರಿನ ಧೂಳಿನಲ್ಲಿ ಹೆಂಡತಿ ಈಗ ಬುಟ್ಟಿ ಹೊತ್ತು ಏಣಿ ಹತ್ತುತ್ತಿರುತ್ತಾಳೆ. ಬುಟ್ಟಿ ಕೆಳಗಿಡು ಕಣೇ, ಇಲ್ಲಿಂದ ಹೋಗೋಣ, ಎಂದು ಎಲ್ಲರ ಮುಂದೆ ಹೇಳಬೇಕು. ಅವನು ಓಡತೊಡಗಿದ.