ಬೆಡ್‌ಶೀಟಿನ ಮೇಲೆ ಅಮ್ಮ

ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ, ಹಾಗಾಗಿ ಬೀದಿಗೆಲ್ಲ ಅವಳು ಗಿರಗಿಟ್ಲೆ. ಶಾಲೆ ಬಿಟ್ಟ ಮೇಲೆ ರೈಲುಹಳಿ ಪಕ್ಕದ ಲಾಂಡ್ರಿಯಲ್ಲಿ ಅಮ್ಮನ ಜೊತೆ ಬಟ್ಟೆ ಮಡಚುತ್ತಿದ್ದಳು. ಒಂದು ಸಂಸ್ಥೆಯವರು ಹಳೆಯ ಗೋದಾಮಿನಲ್ಲಿ ಆ ಬೀದಿಯ ಹುಡುಗ ಹುಡುಗಿಯರಿಗೆ ಬಿಟ್ಟಿಯಾಗಿ ವಿಡಿಯೊ ತರಗತಿ ಶುರುಮಾಡಿದರು. ಫ್ಯಾನಿನ ಗಾಳಿಗಾದರೂ ಆಯಿತೆಂದು ಹೋದವಳು, ಕ್ಯಾಮೆರಾ ಕೈಗೆ ಬಂದ ಮೇಲೆ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ನೋಡಲೇ ಇಲ್ಲ.

ಅವಳು ಅಮ್ಮನ ಬಗ್ಗೆ ಒಂದು ಕಿರುಚಿತ್ರ ತೆಗೆದಳು. ಹಬೆಯ ನಡುವೆ ಇಸ್ತ್ರಿಪೆಟ್ಟಿಗೆ ಓಡಿಸುತ್ತ ಅಮ್ಮ ಅಂಗಿಗಳ ಜಾತಕ ಬಿಚ್ಚುತ್ತಿದ್ದಳು: "ಈ ಕಾಲರ್ ನೋಡು. ಸಾಹೇಬರ ಮುಂದೆ ಕತ್ತು ಬಗ್ಗಿಸಿ ಬಗ್ಗಿಸಿ ಸವೆಸಿದ್ದಾನೆ." ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಲಿಸುವ ಮೇಡಂ, "ಒಂದು ಚೂರೂ ಕತ್ತರಿಸಬೇಡ" ಎಂದರು.

ತರಗತಿಯವರ ಚಿತ್ರಗಳ ಪ್ರದರ್ಶನಕ್ಕೆ ಮುಂಚೆ ಸಂಸ್ಥೆಯ ವ್ಯವಸ್ಥಾಪಕರು ಬಂದು ಬ್ಯಾನರ್ ಬಿಚ್ಚಿದರು: ‘ದಾರಿ ತಪ್ಪಿದವರು ಮರಳಿ ಬಂದರು’.

"ದಾನಿಗಳು ಬರ್ತಾರಮ್ಮ. ಚಿತ್ರದ ಶುರುವಿಗೆ ನಿನ್ನ ದನಿಯಲ್ಲಿ ಎರಡು ಮಾತು ಬೇಕು. ಈ ತರಗತಿ ಇಲ್ಲದಿದ್ರೆ ನಾನು ಹಾಳಾಗಿ ಹೋಗ್ತಿದ್ದೆ ಅಂತ. ಸ್ವಲ್ಪ ಗಂಟಲು ಕಟ್ಟಿ ಬಂದ್ರೆ ಇನ್ನೂ ಒಳ್ಳೇದು."

"ನಾನು ಬಟ್ಟೆ ಮಡಚ್ತಿದ್ದೆ ಸರ್. ಹಾಳಾಗೋಕೆ ಪುರುಸೊತ್ತೆಲ್ಲಿತ್ತು?"

"ಉಳಿದವರೆಲ್ಲ ಹೇಳಿದ್ದಾರಲ್ಲ."

ಗಿರಗಿಟ್ಲೆ ತಿರುಗಿ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಹೊಲಿಗೆ ಕಾರ್ಖಾನೆಯ ಹುಡುಗಿಯ ಕಿವಿ ಕೆಂಪಾಗಿತ್ತು. ಅದನ್ನು ಕಂಡು ಇವಳಿಗೆ ಮೊದಲು ಸಂಕಟ, ಆಮೇಲೆ ಸಿಟ್ಟು.

"ನಾನು ಹೇಳಲ್ಲ. ಆ ಬ್ಯಾನರ್ ಕೆಳಗೆ ನಮ್ಮಮ್ಮನ್ನ ತೋರಿಸೋದೂ ಇಲ್ಲ."

"ಹಾಗಾದ್ರೆ ನಿನ್ನ ಚಿತ್ರ ಇರಲ್ಲ."

"ಬೇಡ."

"ನಂದೂ ಬೇಡ," ಎಂದಳು ಹೊಲಿಗೆಯ ಹುಡುಗಿ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು.

ಮೇಡಂ ಅವರ ಕೆಲಸ ವ್ಯವಸ್ಥಾಪಕರ ಕೈಯಲ್ಲಿತ್ತು. ಆದರೆ ಭಾನುವಾರ ತಮ್ಮ ಸ್ವಂತ ಪ್ರೊಜೆಕ್ಟರನ್ನು ಕಂಕುಳಲ್ಲಿ ಅವುಚಿಕೊಂಡು, ಎಲ್ಲರ ಚಿತ್ರಗಳನ್ನೂ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಲಾಂಡ್ರಿಗೆ ಬಂದರು. ಗೋಡೆಗೆ ಬಿಳಿ ಬೆಡ್‌ಶೀಟ್ ಬಿಗಿದರು. ಜಾಗ ಸಾಲದೆ ಜನ ಒಗೆಯುವ ಯಂತ್ರಗಳ ಮೇಲೂ ಹತ್ತಿ ಕೂತರು. ತನ್ನನ್ನು ಅಷ್ಟು ದೊಡ್ಡದಾಗಿ ಎಂದೂ ಕಂಡಿರದ ಅಮ್ಮ ನಿಂತೇ ನೋಡಿದಳು.

"ನಾನು ಇಷ್ಟು ಬಾಯಿ ಮಾಡ್ತೀನಾ?"

"ಚಿತ್ರದಲ್ಲಿ ಕಮ್ಮಿನೇ ಅಕ್ಕ," ಎಂದ ಮೇಲಿನ ಮಹಡಿಯ ಬಸ್ ಡ್ರೈವರ್. ಲಾಂಡ್ರಿಯೆಲ್ಲ ನಕ್ಕಿತು, ಅಮ್ಮನೂ.

ದಾನಿಗಳಿಗೆ ತೋರಿಸಲು ಚಿತ್ರಗಳಿಲ್ಲದೆ ಮರುವಾರ ಗೋದಾಮಿಗೆ ಬೀಗ ಬಿತ್ತು. ವ್ಯವಸ್ಥಾಪಕರು ಲಾಂಡ್ರಿಗೇ ಬಂದು ಕ್ಯಾಮೆರಾ ಕೇಳಿದರು. ಗಿರಗಿಟ್ಲೆ ಒರೆಸಿ ಕೊಟ್ಟಳು.

"ಎರಡು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದರು ಅವರು.

ಅಮ್ಮ ಇಸ್ತ್ರಿ ಬದಿಗಿಟ್ಟಳು. "ನನ್ನ ಮಗಳು ಹಾಳಾಗಿದ್ಲು ಅಂತ ನನ್ನ ಮುಖ ನೋಡಿ ನೀವೇ ಹೇಳಿ ಸ್ವಾಮಿ, ಕೇಳ್ತೀನಿ."

ಅವರು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಮೇಡಂ ಬೇರೆ ಕಡೆ ಕೆಲಸ ಹಿಡಿದರು, ಆದರೂ ಭಾನುವಾರ ತಪ್ಪಿಸುವುದಿಲ್ಲ. ಈಗ ಎಲ್ಲರೂ ಮೊಬೈಲಿನಲ್ಲೇ ತೆಗೆಯುತ್ತಾರೆ. ಚಿತ್ರ ಮಂಕಾಗುತ್ತದೆ, ಮಾತು ಯಂತ್ರದ ಗದ್ದಲದಲ್ಲಿ ಮುಳುಗುತ್ತದೆ. ಏನು ತೋರಿಸಬೇಕು, ಏನು ಹೇಳಬೇಕು ಎಂಬುದನ್ನು ಮಾತ್ರ ತಾವೇ ಕೂತು, ಜಗಳವಾಡಿ, ತೀರ್ಮಾನಿಸುತ್ತಾರೆ.