ಕಾಡಿಗೆ ತಿರುಗಿ ಹಾಕಬೇಕಾದ ಹಿಡಿ

ಹ್ಯೂಸ್ಟನ್ನಿನಲ್ಲಿ ಬೆಟ್ಟ ಹತ್ತೋ ಅಭ್ಯಾಸ ಮಾಡಬೇಕು ಅಂದರೆ ಎಲ್ಲಿಗೆ ಹೋಗಬೇಕು, ಹೇಳಿ ನೋಡೋಣ? ಊರಿಗೆ ಊರೇ ಚಪಾತಿ ಲಟ್ಟಿಸಿದ ಹಾಗೆ ಸಪಾಟು. ಅದಕ್ಕೇ ಜಯದೇವಿಯವರು ತಾವಿದ್ದ ಶುಗರ್ ಲ್ಯಾಂಡಿನ ಒಂದು ಪಾರ್ಕಿಂಗ್ ಗ್ಯಾರೇಜನ್ನೇ ಬೆಟ್ಟ ಮಾಡಿಕೊಂಡಿದ್ದರು. ಐದು ಅಂತಸ್ತಿನ ಕಟ್ಟಡ. ಬೆಳಿಗ್ಗೆ ಆರಕ್ಕೆ ಬೆನ್ನಿಗೆ ಹತ್ತು ಪೌಂಡು ಸೋನಾ ಮಸೂರಿ ಚೀಲ ಏರಿಸಿಕೊಂಡು ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅರವತ್ತೊಂದರ ಹೆಂಗಸು ಹೀಗೆ ಅಕ್ಕಿ ಹೊತ್ತು ಓಡಾಡುವುದನ್ನು ಕಂಡು ಅಲ್ಲಿನ ಸೆಕ್ಯುರಿಟಿಯವನು ಮೊದಲ ವಾರ ಗಾಬರಿಯಾದ, ಎರಡನೇ ವಾರ ಕೈ ಬೀಸಿದ, ಮೂರನೇ ವಾರದಿಂದ ತಾನೇ ಎಣಿಸತೊಡಗಿದ.

ಇಷ್ಟು ಹಟ ಯಾಕೆ ಅಂದರೆ, ಹಿಂದಿನ ವರ್ಷ, ಎರಡು ಸಾವಿರದ ಹದಿನೈದರ ಜುಲೈನಲ್ಲಿ, ಗೊರಿಲ್ಲಾ ನೋಡೋಕೆ ಉಗಾಂಡಾಕ್ಕೆ ಹೋಗಿ ಗೊರಿಲ್ಲಾ ನೋಡದೆ ವಾಪಸ್ ಬಂದವರು ಇವರು. ಕಾಡಿನ ಬಾಗಿಲು ಮುಟ್ಟುವಷ್ಟರಲ್ಲಿ ಎಡಗಾಲಿನ ಮಂಡಿ ಊದಿ ಕುಂಬಳಕಾಯಿ ಆಯಿತು. ಜೊತೆಗಿದ್ದ ಏಳು ಜನ ಕೋಲು ಹಿಡಿದು ಒಳಗೆ ಹೋದರು, ಇವರು ಹೊರಗೆ ಉಳಿದರು. ಆರು ನೂರು ಡಾಲರಿನ ಪರ್ಮಿಟ್ಟು ನೀರುಪಾಲು.

"ಗೊರಿಲ್ಲಾನ ಹೊರಗ ಬಂದು ನಿನ್ನ ನೋಡಿ ಹೋಗಬೇಕಾಗಿತ್ತು ನೋಡ," ಅಂತ ಗಂಡ ಶಶಿಕಾಂತ್ ಇವತ್ತಿಗೂ ಕಾಡಿಸುತ್ತಾರೆ.

ಹೊತ್ತು ಹೋಗಲಿ ಅಂತ ಲಾಡ್ಜಿನವರು ಅವತ್ತು ಜಯದೇವಿಯವರನ್ನು ಪಕ್ಕದ ಹಳ್ಳಿಗೆ ಕಲ್ಚರಲ್ ಶೋ ನೋಡಲು ಕರೆದುಕೊಂಡು ಹೋದರು. ಶೋ ಮಾಡುವವರು ಬತ್ವಾ ಅನ್ನುವ ಜನ, ಆ ಕಾಡಿನಲ್ಲೇ ಹುಟ್ಟಿ ಬೆಳೆದವರು. ಕಡ್ಡಿ ತಿಕ್ಕಿ ಬೆಂಕಿ ಎಬ್ಬಿಸಿದರು. ಜೇನು ಹೇಗೆ ಇಳಿಸುತ್ತಿದ್ದೆವು ಅಂತ ಜೇನೇ ಇಲ್ಲದ ಮರ ಹತ್ತಿ ತೋರಿಸಿದರು. ಆಮೇಲೆ ಕುಣಿದರು. ಕುಣಿದವರಲ್ಲಿ ಜೋವಿಯಾ ಅಂತ ಒಬ್ಬಳು, ಐವತ್ತರ ಆಸುಪಾಸಿನವಳು. ಕುಣಿತ ಮುಗಿಯುತ್ತಲೇ ಬಂದು ಜಯದೇವಿಯವರ ಪಕ್ಕ ಕೂತಳು. ಯಾರೂ ಹೇಳದೆ ಕೇಳದೆ ಅವರ ಮಂಡಿ ಮುಟ್ಟಿ ನೋಡಿ, ಯಾವುದೋ ಸೊಪ್ಪು ಜಜ್ಜಿ ಕಟ್ಟಿದಳು.

ಕೈತುಂಬ ದುಡ್ಡು ಕೊಟ್ಟು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಧಾರವಾಡದ ಹೆಂಗಸು ಕೇಳುತ್ತಾಳೆಯೇ? ಜಯದೇವಿಯವರ ಸೂಟ್‌ಕೇಸಿನಲ್ಲಿ ರವಿಕೆಗೆ ಆಗುವ ಎರಡು ಕುಬಸದ ಖಣ, ಒಣ ಕೊಬ್ಬರಿ, ಅರಿಶಿನದ ಕೊಂಬು ಯಾವತ್ತೂ ಇರುತ್ತವೆ, ಚಂದ್ರಲೋಕಕ್ಕೆ ಹೋದರೂ ಇರುತ್ತವೆ. ಲಾಡ್ಜಿನ ಅಡಿಗೆಯವನಿಂದ ಅಕ್ಕಿ ಇಸಿದುಕೊಂಡರು. ಜೋವಿಯಾಳ ಹಣೆಗೆ ಕುಂಕುಮ ಹಚ್ಚಿ, ಅವಳು ಮೈಗೆ ಸುತ್ತಿದ್ದ ಬಟ್ಟೆಯ ಸೆರಗು ಹಿಡಿಸಿ, ಉಡಿ ತುಂಬಿದರು. ತವರಿಗೆ ಬಂದ ಮಗಳನ್ನು ಕಳಿಸಿಕೊಡುವಾಗ ತುಂಬುವ ಉಡಿ. ಮೈಸೂರಿನವರು ಇದನ್ನೇ ಮಡಿಲು ತುಂಬುವುದು ಅನ್ನುತ್ತಾರೆ.

ಉಡಿ ತುಂಬಿಸಿಕೊಂಡವಳು ಹೊರಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ತಿರುಗಿ ಹಾಕಬೇಕು, ತವರು ಬರಿದಾಗಬಾರದು ಅಂತ. ಗೈಡಿನ ಬಾಯಿಂದ ಜಯದೇವಿ ಇದನ್ನು ಹೇಳಿಸಿ, ಅಂಗೈ ಒಡ್ಡಿ ಕೂತರು. ಜೋವಿಯಾ ಹಿಡಿ ಅಕ್ಕಿ ತೆಗೆದಳು. ಆದರೆ ಇವರ ಕೈಗೆ ಹಾಕಲಿಲ್ಲ. ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು, ಎದುರಿನ ಕಾಡು ತೋರಿಸಿ ಏನೋ ಅಂದಳು.

ಗೈಡ್ ಹೇಳಿದ: "ನಿಮ್ಮ ಮನೆ ಇವಳ ತವರಲ್ಲವಂತೆ. ತವರು ಆ ಕಾಡಂತೆ. ಈ ಹಿಡಿ ಅಲ್ಲಿಗೇ ಹಾಕಬೇಕಂತೆ. ಆದರೆ ಹೋಗೋ ಹಾಗಿಲ್ಲ."

"ಯಾಕೆ ಹೋಗೋ ಹಾಗಿಲ್ಲ?"

ಗೊರಿಲ್ಲಾಗಳನ್ನು ಉಳಿಸಬೇಕು ಅಂತ ತೊಂಬತ್ತೊಂದರಲ್ಲಿ ಕಾಡನ್ನು ಪಾರ್ಕ್ ಮಾಡಿದರು, ಬತ್ವಾ ಜನರನ್ನು ಹೊರಗೆ ಹಾಕಿದರು. ಇಪ್ಪತ್ತನಾಲ್ಕು ವರ್ಷ ಆಯಿತು. ಅವಳ ಅವ್ವನನ್ನು ಮಣ್ಣು ಮಾಡಿದ ಜಾಗ ಒಳಗೇ ಇದೆ. ಪರ್ಮಿಟ್ ಇಲ್ಲದೆ ಕಾಲಿಟ್ಟರೆ ಹಿಡಿಯುತ್ತಾರೆ.

ಜಯದೇವಿಯವರು ಒಡ್ಡಿದ್ದ ಅಂಗೈ ಹಿಂದಕ್ಕೆ ಎಳೆದುಕೊಂಡರು. ಅಲ್ಲ, ನೀವೇ ಹೇಳಿ. ಟೆಕ್ಸಾಸಿನಿಂದ ಬಂದ, ಆ ಕಾಡಿನ ಒಂದು ಎಲೆಯ ಹೆಸರೂ ಗೊತ್ತಿಲ್ಲದ ತಮಗೆ ಒಳಗೆ ಹೋಗಲು ಚೀಟಿ ಉಂಟು. ಅಲ್ಲೇ ಹುಟ್ಟಿದವಳು ಬಾಗಿಲಾಚೆ ಉಳಿದು, ನೋಡಲು ಬಂದವರ ಮುಂದೆ ಕುಣಿಯಬೇಕು. ತವರು ಎಲ್ಲಿ, ಹೋಗಿ ಬರುತ್ತೀಯಾ ಅಂತ ಒಂದು ಮಾತು ಕೇಳದೆ ಉಡಿ ತುಂಬಿಬಿಟ್ಟೆನಲ್ಲ ಅಂತ ನಾಲಿಗೆ ಕಚ್ಚಿಕೊಂಡರು. ತುಂಬಿದ್ದನ್ನು ವಾಪಸ್ ತೆಗೆಯೋಕೆ ಬರುವುದಿಲ್ಲ.

"ಮುಂದಿನ ವರ್ಷ ಆ ಹಿಡಿ ಅಲ್ಲಿಗೇ ಹಾಕಿಸ್ತೀನಿ," ಅಂದರು. ಗೈಡ್ ಇದನ್ನು ಹೇಳಲೋ ಬೇಡವೋ ಅಂತ ನಿಂತ. "ಹೇಳಪ್ಪಾ, ಹೇಳು!" ಅಂತ ಗದರಿದ ಮೇಲೆ ಹೇಳಿದ. ಜೋವಿಯಾ ನಗಲಿಲ್ಲ, ತಲೆಯಾಡಿಸಲೂ ಇಲ್ಲ. ಇಂಥ ಮಾತು ಕೊಟ್ಟು ವಿಮಾನ ಹತ್ತಿದವರನ್ನು ಅವಳು ಬಹಳ ಜನ ಕಂಡಿರಬೇಕು.

ಮಂಡಿಯನ್ನು ಡಾಕ್ಟರು ಸರಿ ಮಾಡಿದರು, ಮೆಟ್ಟಿಲು ಗಟ್ಟಿ ಮಾಡಿತು. ಹದಿನಾರರ ಜುಲೈ ಪ್ರವಾಸಕ್ಕೆ ಜಯದೇವಿ ಹೆಸರು ಕೊಟ್ಟರು, ಮಗಳು ನಿವೇದಿತಾಳ ಹೆಸರೂ ಸೇರಿಸಿದರು. ತಾವೂ ಹೋಗುವುದು, ಜೋವಿಯಾಳನ್ನೂ ಜೊತೆಗೆ ಕರೆದೊಯ್ಯುವುದು ಅಂತ ಅವರ ಲೆಕ್ಕಾಚಾರ. ಅದನ್ನು ಇತ್ಯರ್ಥ ಮಾಡಲು ಮಾರ್ಚಿನಲ್ಲಿ ಒಂದು ಶನಿವಾರ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟಿಗೆ ಡ್ರೈವ್ ಮಾಡಿಕೊಂಡು ಹೋದರು. ಅಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನಲ್ಲಿ, ಸೀರೆ ಅಂಗಡಿಯ ಮಹಡಿ ಮೇಲೆ, ಹುಬ್ಬಳ್ಳಿಯ ಗದಿಗೆಪ್ಪನ ಟ್ರಾವೆಲ್ ಆಫೀಸು. ಎರಡೂ ವರ್ಷದ ಪ್ರವಾಸ ಏರ್ಪಾಡು ಮಾಡಿದವನು ಅವನೇ.

"ಬರ್ರಿ ಅಕ್ಕಾರ, ಚಾ ತಗೋರಿ. ನೋಡ್ರಿಲ್ಲೆ, ನೀವು ಫೇಮಸ್ ಆಗೀರಿ," ಅಂತ ಗದಿಗೆಪ್ಪ ಹೊಸ ಬ್ರೋಷರ್ ಮುಂದಿಟ್ಟ.

ಮುಖಪುಟದ ಮೇಲೆ ಜಯದೇವಿ ಜೋವಿಯಾಳ ಉಡಿ ತುಂಬುವ ಫೋಟೋ, ಲಾಡ್ಜಿನವರು ತೆಗೆದಿದ್ದು. ಕೆಳಗೆ ದಪ್ಪ ಅಕ್ಷರ: 'ಆಫ್ರಿಕಾದ ಕಾಡಿನಲ್ಲೂ ನಮ್ಮ ಸಂಸ್ಕೃತಿ! ಗೊರಿಲ್ಲಾ ಜೊತೆಗೆ ಕಾಡುಜನರ ನೃತ್ಯ ಉಚಿತ.'

ಉಚಿತ! ಆ ಪದ ಓದಿ ಜಯದೇವಿಯವರಿಗೆ ಮೈಯೆಲ್ಲಾ ಉರಿದುಹೋಯಿತು. ಆದರೂ ತಡೆದುಕೊಂಡರು.

"ತಮ್ಮಾ, ಈ ಸಲದ ಗ್ರೂಪಿನಾಗ ಈಕಿಗೊಂದು ಪರ್ಮಿಟ್ ತಗಸು. ಜೋವಿಯಾ ಅಂತ ಹೆಸರು. ರೊಕ್ಕ ನಾ ಕೊಡ್ತೀನಿ."

ಗದಿಗೆಪ್ಪ ಮೊದಲು ನಕ್ಕ. ಆಮೇಲೆ ಇವರ ಮುಖ ನೋಡಿ ನಗು ನಿಲ್ಲಿಸಿದ. "ಅಕ್ಕಾರ, ಒಂದು ಗುಂಪಿಗೆ ಎಂಟ ಮಂದಿ. ಒಂಬತ್ತನೇದವರನ್ನ ಬಿಡಂಗಿಲ್ಲ. ಡಾಲಸ್ಸಿನಿಂದ ಚಂದ್ರಮೋಹನ ಅವರ ಮನಿಯವರು ನಾಕು ಮಂದಿ, ಆಸ್ಟಿನ್ನಿನವರು ಇಬ್ಬರು, ನಿಮ್ಮ ಮಗಳು, ನೀವು. ಮುಗೀತು. ಅದೂ ಅಲ್ಲದ ಈಕಿ ಶೋ ಮಾಡಾಕಿ, ಗೆಸ್ಟ್ ಅಲ್ಲ. ಇವತ್ತ ಒಬ್ಬಾಕಿ ಹೋದ್ರ ನಾಳೆ ಎಲ್ಲಾರೂ ನಾವೂ ಹೋಗ್ತೀವಿ ಅಂತಾರ."

"ಅನ್ನಲಿ."

"ಅನ್ನಲಿ ಅಂದ್ರ ಹ್ಯಾಂಗ್ರಿ? ಅಲ್ಲಿನ ಏಜೆಂಟ ನನ್ನ ಜೊತಿ ಮಾತು ಬಿಡ್ತಾನ."

ಜಯದೇವಿ ಬ್ರೋಷರ್ ಎತ್ತಿ ಅವನ ಮುಖದ ಮುಂದೆ ಹಿಡಿದರು. "ನೀನೂ ಹುಬ್ಬಳ್ಳಿ ಮಗ. ನಿಮ್ಮವ್ವ ಎಷ್ಟ ಮಂದಿಗೆ ಉಡಿ ತುಂಬಿರಬೇಕು. ಉಡಿ ತುಂಬಿಸಿಕೊಂಡಾಕಿ ಏನಾಗ್ತಾಳ? ಹೇಳು."

ಗದಿಗೆಪ್ಪ ಚಹದ ಕಪ್ಪು ನೋಡಿದ. "ಮನಿಮಗಳು."

"ಮನಿಮಗಳ ಫೋಟೋ ಹಚ್ಚಿ ನೃತ್ಯ ಉಚಿತ ಅಂತ ಬರಸೀ ನೀ. ನಾಚಿಕಿ ಬರಂಗಿಲ್ಲ? ನಾ ನಿನಗ ಬೈಯಾಕ ಬಂದಿಲ್ಲ, ಫೋಟೋ ತಗಿ ಅಂತ ಅಳಾಕೂ ಬಂದಿಲ್ಲ. ಎಂಟ ಮಂದಿ ಅಂದೀ. ಆತು. ಎಂಟನೇ ಹೆಸರು ಹೊಡದು ಹಾಕು. ನನ್ನ ಜಾಗಾದಾಗ ಆಕಿ ಹೆಸರು ಬರಿ."

ಬಾಯಿಂದ ಮಾತು ಬಂದುಬಿಟ್ಟಿತು. ಅಷ್ಟು ತಿಂಗಳ ಮೆಟ್ಟಿಲು, ಬೆನ್ನಿನ ಅಕ್ಕಿ, ಸೆಕ್ಯುರಿಟಿಯವನ ಎಣಿಕೆ ಎಲ್ಲ ಜಯದೇವಿಯವರ ಕಣ್ಣ ಮುಂದೆ ಬಂತು. ಗೊರಿಲ್ಲಾದ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅನ್ನೋದು ಅವರಿಗೆ ಆಟದ ಆಸೆ ಆಗಿರಲಿಲ್ಲ. ಇನ್ನೊಂದು ವರ್ಷ ಕಾದರೆ ಮಂಡಿ ಏನನ್ನುತ್ತದೋ, ಡಾಕ್ಟರಿಗೂ ಗೊತ್ತಿಲ್ಲ. ದುಃಖ ಆಯಿತು, ಬಹಳ ಆಯಿತು. ಮಾತು ಮಾತ್ರ ಹಿಂದಕ್ಕೆ ತಗೊಳ್ಳಲಿಲ್ಲ.

"ಅಕ್ಕಾರ, ವಿಚಾರ ಮಾಡ್ರಿ," ಅಂದ ಗದಿಗೆಪ್ಪ, ದನಿ ಇಳಿಸಿ.

"ಮಾಡೀನಿ. ಬರಿ. ನಾ ಇಲ್ಲೇ ಕೂತಿರ್ತೀನಿ, ನೀ ಫೋನ್ ಮಾಡು."

ಕೂತೇ ಕೂತರು. ಗದಿಗೆಪ್ಪ ಉಗಾಂಡಾಕ್ಕೆ ಫೋನ್ ಮಾಡಿ, ಅತ್ತ ಏಜೆಂಟನಿಂದ ಬೈಸಿಕೊಂಡು, ಇತ್ತ ಇವರ ಮುಖ ನೋಡಿ, ಮತ್ತೆ ಫೋನ್ ಮಾಡಿ, ಬೆವರು ಒರೆಸಿಕೊಂಡ. ಇವರು ಎರಡು ಚಹ ಮುಗಿಸಿ, ಮನೆಯಿಂದ ತಂದಿದ್ದ ಅವಲಕ್ಕಿ ಡಬ್ಬಿ ತೆರೆದು ಅವನಿಗೂ ಒಂದು ಪಾಲು ಕೊಟ್ಟರು. ನಾಲ್ಕು ಶನಿವಾರ ಹೀಗೇ ನಡೆಯಿತು. ಐದನೇ ಶನಿವಾರ ಗದಿಗೆಪ್ಪ ಒಂದು ಹಾಳೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಕುಟ್ಟಿದ. ಎಂಟನೇ ಸಾಲಿನಲ್ಲಿ ಜೋವಿಯಾಳ ಹೆಸರಿತ್ತು.

ಜುಲೈನಲ್ಲಿ ಏಳು ಜನ ಹೊರಟರು. ನಿವೇದಿತಾ ಟೆಕ್ಸಾಸಿನಲ್ಲೇ ಹುಟ್ಟಿದವಳು, ಮದುವೆಯಾಗಿ ಹತ್ತಿರದ ಫುಲ್‌ಶೀರಿನಲ್ಲಿ ಮನೆ ಮಾಡಿದ್ದಳು. ಕನ್ನಡ ಕಿವಿಗೆ ಪೂರಾ ಹೋಗುತ್ತದೆ, ಬಾಯಿಂದ ಅರ್ಧ ಬರುತ್ತದೆ. ಏರ್‌ಪೋರ್ಟಿನಲ್ಲಿ ಜಯದೇವಿ ಅವಳಿಗೆ ಒಂದೇ ಮಾತು ಹೇಳಿದರು: "ನೀ ಗೊರಿಲ್ಲಾ ನೋಡು ಬಿಡು. ಆಕಿ ಕೈ ಮಾತ್ರ ಬಿಡಬ್ಯಾಡ." ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಂದು ಗಳಿಗೆ ಅತ್ತರು. ಶಶಿಕಾಂತ್ ಅವತ್ತು ಕಾಡಿಸಲಿಲ್ಲ, ತಾವೇ ಚಹ ಮಾಡಿ ತಂದರು.

ಹತ್ತು ದಿನ ಕಳೆದು ನಿವೇದಿತಾ ವಾಪಸ್ ಬಂದಳು, ಬಂದ ಭಾನುವಾರ ಮಧ್ಯಾಹ್ನವೇ ಶುಗರ್ ಲ್ಯಾಂಡಿಗೆ ಬಂದಳು. ಕೇಳಿಬಿಡೋಣ ಅಂತ ಗದಿಗೆಪ್ಪನೂ ಬಂದು ಸೋಫಾದ ತುದಿಗೆ ಕೂತ. ನಿವೇದಿತಾ ಫೋನನ್ನು ಟಿವಿಗೆ ಹಾಕಿದಳು.

ಟಿವಿಯಲ್ಲಿ ಹಸಿರು ಕಾಡು. ಮುಂದೆ ಜೋವಿಯಾ, ಬರಿಗಾಲು. ಹಿಂದೆ ಚಂದ್ರಮೋಹನ ಅವರು ಏದುಸಿರು ಬಿಡುತ್ತಾ, ಸಾವಿರ ಡಾಲರಿನ ಬೂಟು ಕೆಸರಿನಿಂದ ಕೀಳುತ್ತಾ ಬರುತ್ತಿದ್ದರು. ಜೋವಿಯಾ ಮರ ಮರವನ್ನೂ ಮುಟ್ಟಿ ಮುಟ್ಟಿ ಹೆಸರು ಹೇಳುತ್ತಿದ್ದಳು.

"ಗೊರಿಲ್ಲಾ ಸಿಕ್ಕಾಗ ಎಲ್ಲಾರೂ ಫೋಟೋ, ಫೋಟೋ," ಅಂದಳು ನಿವೇದಿತಾ. "ಶೀ ಡಿಡಂಟ್ ಈವನ್ ಲುಕ್, ಅಮ್ಮಾ. ಆಕಿ ಮರದ ಕೆಳಗೆ ಕೂತಳು. ನೋಡು."

ಜೋವಿಯಾ ಕೂತಳು. ಸೆರಗಿನ ಚುಂಗಿನ ಗಂಟು ಬಿಚ್ಚಿದಳು. ಒಂದು ವರ್ಷ ಇಟ್ಟುಕೊಂಡಿದ್ದ ಅಕ್ಕಿ, ಅರಿಶಿನಕ್ಕೆ ಹಳದಿಯಾಗಿತ್ತು. ಬೇರಿನ ಬುಡಕ್ಕೆ ಹಾಕಿ, ಹಣೆ ಮಣ್ಣಿಗೆ ಹಚ್ಚಿದಳು. ಅಷ್ಟರಲ್ಲಿ ರೇಂಜರ್ ಬಂದ. ಪಾರ್ಕಿನಲ್ಲಿ ತಿನ್ನುವ ಸಾಮಾನು ಬಿಡುವ ಹಾಗಿಲ್ಲ, ಯಾರಿಗೂ ಇಲ್ಲ, ಅದು ಕಾನೂನು. ಆಯ್ದುಕೊ ಅಂದ. ಜೋವಿಯಾ ಕೂತು ಒಂದೊಂದೇ ಕಾಳು ಆಯ್ದು ಮತ್ತೆ ಸೆರಗಿಗೆ ಹಾಕಿಕೊಂಡಳು. ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಅದೇ ಹೆಂಗಸು.

ಜಯದೇವಿಯವರು ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ ಶಿವನೇ," ಅಂದ ಗದಿಗೆಪ್ಪ, ಎದ್ದು ನಿಂತೇಬಿಟ್ಟ.

"ವೇಟ್," ಅಂದಳು ನಿವೇದಿತಾ. "ಆಕಿ ಹಿಮ್ಮಡಿ ನೋಡ್ರಿ."

ಜೋವಿಯಾ ಎದ್ದಳು. ಏಳುವಾಗ ಬಲಗಾಲಿನ ಹಿಮ್ಮಡಿಯಿಂದ ನೆಲವನ್ನು ಮೆತ್ತಗೆ ಒತ್ತಿದಳು. ಒಂದು ಕಾಳು, ಎರಡೋ ಇರಬಹುದು, ಮಣ್ಣೊಳಗೆ ಇಳಿದುಹೋಯಿತು. ರೇಂಜರ್ ಕಾಣಲಿಲ್ಲ. ಕಂಡೂ ಸುಮ್ಮನಿದ್ದನೋ ಏನೋ. ಜೋವಿಯಾ ನೇರ ಕ್ಯಾಮೆರಾದ ಕಡೆ ನೋಡಿ ಏನೋ ಹೇಳಿದಳು, ಹೇಳಿ ಮೊದಲ ಸಲ ನಕ್ಕಳು.

"ಏನಂದಳು?"

"ಗೈಡ್ ಹೇಳಿದ್ರು. ಉಡಿ ತುಂಬಿದಾಕಿಗೆ ಹೇಳು ಅಂದ್ಳಂತೆ. ಒಂದು ಕಾಳು ಮುಟ್ಟಿತು. ಇನ್ನೂ ಒಂದು ಹಿಡಿ ಅದ."

ಜಯದೇವಿ ಕಣ್ಣೊರೆಸಿಕೊಂಡರು, ಮೂಗು ಏರಿಸಿದರು, ಗದಿಗೆಪ್ಪನ ಕಡೆ ತಿರುಗಿದರು.

"ತಮ್ಮಾ, ಬರುವ ವರ್ಷ ಎಂಟೂ ಪರ್ಮಿಟ್ ಅಲ್ಲಿ ಶೋ ಮಾಡೋ ಆ ಹೆಣ್ಣುಮಕ್ಕಳ ಹೆಸರಿಗೆ. ಎಂಟ ಮಂದಿ ತವರಿಗೆ ಹೋಗಿ ಬರಲಿ. ರೊಕ್ಕ ಇಲ್ಲಿ ಎಂಟ ಮಂದಿ ಕಡಿಂದ ನಾ ಎತ್ತತೀನಿ, ಡಾಲಸ್ಸು, ಆಸ್ಟಿನ್ನು ಎಲ್ಲಾ ಕಡಿಂದ. ರೊಕ್ಕ ಕೊಟ್ಟ ಆ ಎಂಟ ಮಂದಿನೂ ಅಲ್ಲಿಗೆ ಕರಕೊಂಡು ಬರ್ತೀನಿ."

"ಬಂದು?" ಗದಿಗೆಪ್ಪನಿಗೆ ತಿಳಿಯಲಿಲ್ಲ. "ಪರ್ಮಿಟ್ ಇಲ್ಲದ ಅಷ್ಟು ದೂರ ಹೋಗಿ ಹೊರಗ ಕೂತು ಏನ ಮಾಡ್ತೀರಿ ಅಕ್ಕಾರ?"

"ಅವರು ಕಾಡು ನೋಡಿ ಬಾಗಲಕ್ಕ ಬರ್ತಾರಲ್ಲ, ಅವಾಗ ನಾವು ಅವರ ಮುಂದ ಕುಣೀತೀವಿ. ಉಚಿತ. ಬರಿ, ನಿನ್ನ ಬ್ರೋಷರಿನಾಗ ಅದನ್ನ ಬರಿ."

ಶಶಿಕಾಂತ್ ಜೋರಾಗಿ ನಕ್ಕುಬಿಟ್ಟರು. "ನಿನ್ನ ಮಂಡಿ?"

"ನನ್ನ ಮಂಡಿ ಆಕಿ ಕಟ್ಟಿದ್ದು," ಅಂದರು ಜಯದೇವಿ. ಎದ್ದು ಸೆರಗು ಸೊಂಟಕ್ಕೆ ಸಿಗಿಸಿಕೊಂಡರು. "ನಿವೇದಿತಾ, ಆ ಟೀಪಾಯಿ ಆಚೆ ಸರಿಸು. ಗದಿಗೆಪ್ಪಾ, ನೀನೂ ಏಳು. ಕೋಲಾಟ ಬರ್ತದಿಲ್ಲೋ ನಿನಗ?"

ಗದಿಗೆಪ್ಪ ಎದ್ದು ಬೂಟು ಬಿಚ್ಚಿಟ್ಟ.