ನೋಡೋಣ

ಅಕ್ಕ ಹೊರಗೆ ಅರ್ಜಿ ಹಿಡಿದವರ ನಡುವೆ ಕೂತಿದ್ದಾಳೆ ಎಂದು ತಿಳಿದಾಗ ಮೇಯರಿಗೆ ಮೊದಲು ಬಂದದ್ದು ಸಿಟ್ಟು. ಮನೆಗೆ ಬರಬಾರದಿತ್ತೇ? ನೋಡಿದವರು ಏನಂದುಕೊಂಡಾರು! ಒಳಗೆ ಕರೆಸಿ ಅದನ್ನೇ ಕೇಳಿದರು. ಮನೆಗೆ ಎಷ್ಟು ಸಲ ಬಂದರೂ ನೀನು ಸಿಗಲಿಲ್ಲ, ಇಲ್ಲಿಯಾದರೆ ಊರಿನವರಿಗೆಲ್ಲ ಸಿಗುತ್ತೀಯಂತಲ್ಲ ಎಂದಳು ಅಕ್ಕ. ಚುಚ್ಚಿ ಆಡಿದ ಮಾತಲ್ಲ. ಪಾಪ, ಬಟ್ಟೆ ಬಿಟ್ಟು ಬೇರೇನನ್ನೂ ಚುಚ್ಚಿ ಅವಳಿಗೆ ರೂಢಿಯಿಲ್ಲ.

ವಿಷಯ ಇಷ್ಟೇ. ರಸ್ತೆ ಅಗಲ ಮಾಡುವವರು ಅವಳ ಹೊಲಿಗೆ ಅಂಗಡಿಯ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದರು. ಎದುರಿಗಿರುವುದು ಪಾಲಿಕೆಯದೇ ಪಾಳುಬಿದ್ದ ಗೋದಾಮು. ರಸ್ತೆ ಆ ಕಡೆಗೆ ಒಂಚೂರು ಸರಿದರೆ ಗೋದಾಮಿನ ಕಾಂಪೌಂಡು ಹೋಗುತ್ತದೆ, ಅಂಗಡಿ ಉಳಿಯುತ್ತದೆ. ಅಲ್ಲಿನ ಮಿಷನ್ನು ತುಳಿದೇ ಅವಳು ತಮ್ಮನನ್ನು ಓದಿಸಿದ್ದು. ಅವನು ಮೊದಲ ಸಲ ಚುನಾವಣೆಗೆ ನಿಂತಾಗ ಬಾವುಟಗಳನ್ನು ಹೊಲಿದದ್ದೂ ಅಲ್ಲೇ. ಸೋತರೆ ಮಿಷನ್ನು ಒರೆಸೋಕಾಗುತ್ತೆ ಬಿಡೋ ಎಂದು ನಗುತ್ತ ಹೊಲಿದಿದ್ದಳು. ಇದನ್ನೆಲ್ಲ ಅವಳು ಈಗ ಎತ್ತಲಿಲ್ಲ. ಎತ್ತಿದ್ದರೆ ಮೇಯರಿಗೆ ಸಿಡುಕಲು ಒಂದು ನೆಪವಾದರೂ ಸಿಗುತ್ತಿತ್ತು.

"ನೋಡೋಣ ಅಕ್ಕ," ಎಂದರು.

ಅವಳ ಮುಖ ಅರಳಿತು. "ನೀನು ಅಷ್ಟು ಅಂದ್ಯಲ್ಲ, ಸಾಕು ಕಣೋ." ಎದ್ದವಳು ಅವರ ಕಾಲರಿನಿಂದ ಒಂದು ನೂಲಿನೆಳೆ ಕಿತ್ತುಕೊಂಡು ಹೋದಳು. ಪಕ್ಕದಲ್ಲೇ ನಿಂತಿದ್ದ ಆಪ್ತ ಸಹಾಯಕ ಮುಂದಿನವರನ್ನು ಕರೆದ.

ಈ 'ನೋಡೋಣ'ದ ವಿಚಾರ ಹೇಳಲೇಬೇಕು. ಮೇಯರು ಯಾರ ಮುಖಕ್ಕೂ ಇಲ್ಲ ಎನ್ನಲಾರದ ಮನುಷ್ಯ. ಹೊಸತರಲ್ಲಿ ಬಂದವರಿಗೆಲ್ಲ ಹೂಂ ಎಂದುಬಿಟ್ಟು ಆಮೇಲೆ ಒದ್ದಾಡುತ್ತಿದ್ದರು. ಕೊನೆಗೆ ಆಪ್ತ ಸಹಾಯಕನಿಗೆ ಒಂದು ಪಾಠ ಹೇಳಿಕೊಟ್ಟರು. 'ಮಾಡೋಣ' ಎಂದರೆ ಕೂಡಲೇ ಇಂಜಿನಿಯರಿಗೆ ಫೋನು. 'ನೋಡೋಣ' ಎಂದರೆ ಆ ಕೆಲಸ ಕೈಬಿಡು. ಬಂದವರು ಮಾತ್ರ ಎರಡರಲ್ಲಿ ಯಾವುದನ್ನು ಕೇಳಿದರೂ ಖುಷಿಯಿಂದಲೇ ಹೋಗುತ್ತಿದ್ದರು. ಮೇಯರು ದೇವರಂಥವರು, ಕೆಳಗಿನವರೇ ಕಳ್ಳರು ಎಂದು ಊರೆಲ್ಲ ಮಾತಾಯಿತು. ಆ ಮಾತಿನ ಬಲದಲ್ಲೇ ಎರಡನೇ ಸಲವೂ ಕುರ್ಚಿ ಸಿಕ್ಕಿತು. ಎಂಥ ಚಂದದ ಏರ್ಪಾಡು!

ಹೊಸ ಸೇತುವೆ ಉದ್ಘಾಟಿಸಿ ಬರುತ್ತಿದ್ದಾಗ ಕಾರು ಅಕ್ಕನ ಬೀದಿಯಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಧೂಳೋ ಧೂಳು. ಗೋಡೆ ಕೆಡವುವ ಯಂತ್ರ ಅಂಗಡಿಯ ಮುಂಭಾಗವನ್ನು ಆಗಲೇ ನುಂಗಿತ್ತು.

"ಇಂಜಿನಿಯರಿಗೆ ಹೇಳಲಿಲ್ವೇನಯ್ಯಾ?"

"ನೀವು 'ನೋಡೋಣ' ಅಂದ್ರಲ್ಲ ಸಾರ್," ಎಂದ ಆಪ್ತ ಸಹಾಯಕ. "ಅಕ್ಕೋರಿಗೂ ಹಾಗಂದಾಗ ನನಗೂ ಒಂಥರಾ ಆಯ್ತು. ಆದ್ರೆ ಕೇಳೋಕೆ ನಾನ್ಯಾರು?"

ಮೇಯರು ಬೈಯಲು ಬಾಯಿ ತೆರೆದರು. ಅವಳಿಗೆ ಅಂದದ್ದು ಬೇರೆಯೇ ನೋಡೋಣ, ನಿಜವಾದ ನೋಡೋಣ ಎನ್ನಬೇಕೆನಿಸಿತು. ಹೌದೇ? ಆ ದಿನ ಮನಸ್ಸಿನಲ್ಲಿ ಏನಿತ್ತು? ಎಷ್ಟು ಕೆದಕಿದರೂ ಹೊಳೆಯಲಿಲ್ಲ. ನಾಲಿಗೆಗೆ ರೂಢಿಯಾದದ್ದು ಬಾಯಿಗೆ ಬಂದಿತ್ತು, ಅಷ್ಟೆ. ಆಮೇಲೆ ಅವರೂ ವಿಚಾರಿಸಿರಲಿಲ್ಲ.

ಇಳಿದು ಹೋದರು. ಅಕ್ಕಪಕ್ಕದ ಅಂಗಡಿಯವರು ವಾರದ ಹಿಂದೆಯೇ ಸಾಮಾನು ಸಾಗಿಸಿ ಖಾಲಿ ಮಾಡಿದ್ದರು. ಅಕ್ಕ ಮಾತ್ರ ಒಂದು ಗುಂಡಿಯನ್ನೂ ಕದಲಿಸಿರಲಿಲ್ಲ. ನನ್ನ ತಮ್ಮ ನೋಡ್ತೀನಿ ಅಂದಿದ್ದಾನೆ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳಂತೆ. ಗಿರಾಕಿಗಳ ಬಟ್ಟೆಗಳೆಲ್ಲ ಈಗ ಇಟ್ಟಿಗೆ ಚೂರಿನಡಿ ಬಿದ್ದಿದ್ದವು. ಆ ರಾಶಿಯ ಪಕ್ಕ, ಮಿಷನ್ನಿನೆದುರು ಅಕ್ಕ ಬಗ್ಗಿ ಕೂತಿದ್ದಳು.

"ಅಕ್ಕ, ಮಾರ್ಕೆಟ್ಟಿನಲ್ಲಿ ಒಂದು ಮಳಿಗೆ ಕೊಡಿಸ್ತೀನಿ. ಅಲ್ಲಿವರೆಗೆ ನಮ್ಮನೆಗೆ ಬಂದಿರು."

ಅವಳು ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ನೋಡೋಣ ಕಣೋ," ಎಂದಳು.

ಹಿಂದೆ ನಿಂತಿದ್ದ ಆಪ್ತ ಸಹಾಯಕ ತಲೆ ತಗ್ಗಿಸಿದ. ಅಕ್ಕ ರಾಶಿಯಿಂದ ಒಂದು ಮಾಸಿದ ಬಟ್ಟೆ ಎಳೆದುಕೊಂಡು ಮಿಷನ್ನಿನ ಮೇಲಿನ ಧೂಳು ಒರೆಸತೊಡಗಿದಳು. ಬಟ್ಟೆಯ ಒಂದಂಚಿನಲ್ಲಿ, ಕೋಲು ತೂರಿಸಲೆಂದು ಮಡಿಸಿ ಹಾಕಿದ್ದ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು.